ಬಾಯಿ ಮುಚ್ಚಿಸುವ ಮದ್ದುಗಳು

ಮಾದಕ ವಸ್ತು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಕತ್ತಲೆ ಮೂಲೆ, ತಲೆ ಕೆದರಿದ ಹುಡುಗರು, ಬಿಳಿಯ ಪುಡಿ, ಪೊಲೀಸರ ಜೀಪು. ವರ್ಷಕ್ಕೊಮ್ಮೆ ಜೂನ್ 26ರಂದು ಶಾಲೆಯ ಮಕ್ಕಳು ಫಲಕ ಹಿಡಿದು ಬೀದಿಯಲ್ಲಿ ಸಾಲಾಗಿ ಹೋಗುತ್ತಾರೆ. ನಾವು ಬಾಗಿಲಲ್ಲಿ ನಿಂತು ನೋಡಿ, 'ಸದ್ಯ, ಈ ಪೀಡೆ ನಮ್ಮ ಹೊಸಲು ದಾಟಿಲ್ಲ' ಎಂದು ಸಮಾಧಾನದ ಉಸಿರು ಬಿಟ್ಟು ಒಳಗೆ ಬರುತ್ತೇವೆ. ಒಳಗೆ ಬಂದು ಬೆಳಗಿನಿಂದ ಮೂರನೆಯ ಲೋಟ ಕಾಫಿ ಬೆರೆಸಿಕೊಳ್ಳುತ್ತೇವೆ. ಅತ್ತೆಯವರು ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಕಡ್ಡಿಪುಡಿಯ ಡಬ್ಬಿ ತೆಗೆಯುತ್ತಾರೆ. ಸೊಸೆ ಸಾಸಿವೆ ಡಬ್ಬಿಯ ಹಿಂದಿನಿಂದ ತಲೆನೋವಿನ ಮಾತ್ರೆಯೊಂದನ್ನು ಹರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಇದಾವುದಕ್ಕೂ ಪೊಲೀಸರು ಬರುವುದಿಲ್ಲ. ಇವೆಲ್ಲ ಕಾನೂನು ಒಪ್ಪಿದ, ಮರ್ಯಾದಸ್ಥರ ಮನೆಯ ವಸ್ತುಗಳು.

ನಾನು ಹೇಳಹೊರಟಿರುವುದು ಈ ಮರ್ಯಾದಸ್ಥ ಮದ್ದುಗಳ ಬಗ್ಗೆ. ಗಂಡಸರು ಅಮಲನ್ನು ಸುಖಕ್ಕೆಂದು ಹುಡುಕುತ್ತಾರೆ, ಗೆಳೆಯರ ಜತೆ ಕೂತು ಅನುಭವಿಸುತ್ತಾರೆ. ಹೆಂಗಸರ ಕಥೆ ಹಾಗಲ್ಲ. ನಮ್ಮ ಪಾಲಿಗೆ ಬಂದಿರುವ ಮದ್ದುಗಳು ಸುಖ ಕೊಡಲು ಬಂದವಲ್ಲ. ನಮ್ಮ ದೇಹ ಏನನ್ನೋ ಹೇಳಹೊರಟಾಗ ಅದರ ಬಾಯಿ ಮುಚ್ಚಿಸಲು ಬಂದವು. ದಣಿವು ಮಾತಾಡಿದರೆ ಕಾಫಿ, ಹಸಿವು ಮಾತಾಡಿದರೆ ಹೊಗೆಸೊಪ್ಪು, ನೋವು ಮಾತಾಡಿದರೆ ಮಾತ್ರೆ, ಸಂಕಟ ಮಾತಾಡಿದರೆ ನಿದ್ದೆ ಗುಳಿಗೆ. ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಿಲ್ಲ. ನನ್ನ ಜಗಳ ಇರುವುದು ಅದರ ಮೇಲೆ.

'ಅಲ್ಲಮ್ಮಾ, ಅಷ್ಟು ಕೆಟ್ಟದ್ದಾಗಿದ್ದರೆ ಸರಕಾರ ಮಾರೋಕೆ ಬಿಡ್ತಿತ್ತೇ?' ಎಂದು ಕೇಳುವವರಿದ್ದಾರೆ. ಸರಕಾರ ಏನೇನು ಮಾಡಿದೆ ನೋಡೋಣ. 2007ರ ಜುಲೈ ತಿಂಗಳಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಬ್ರಾಂಡಿ, ವಿಸ್ಕಿ, ರಮ್ಮಿನ ಬಾಗಿಲು ತೆರೆದೇ ಇತ್ತು; ಅವುಗಳಿಂದ ಬರುವ ಅಬಕಾರಿ ಹಣ ಖಜಾನೆಗೆ ಬೇಕೇ ಬೇಕು. ಆದರೆ ಮೆದುಳಿಗೂ ಪಿತ್ತಕೋಶಕ್ಕೂ ಸಾರಾಯಿ ಬೇರೆ, ವಿಸ್ಕಿ ಬೇರೆ ಎಂಬ ಭೇದವಿಲ್ಲ. ಎರಡರಲ್ಲೂ ಇರುವುದು ಅದೇ ಆಲ್ಕೋಹಾಲು. 2013ರಲ್ಲಿ ಗುಟ್ಕಾ ನಿಷೇಧಿಸಿದರು. ಮರುದಿನದಿಂದಲೇ ಎಂಬಂತೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ, ಒಂದೇ ಅಂಗಡಿಯ ಒಂದೇ ದಾರದಲ್ಲಿ ತೂಗಾಡಿದವು. ಬೆರೆಸಿಕೊಳ್ಳುವ ಕೆಲಸವನ್ನು ತಿನ್ನುವವನಿಗೇ ವಹಿಸಿದ್ದಾಯಿತು. ಹಲ್ಲುಪುಡಿಗೆ, ಟೂತ್‌ಪೇಸ್ಟಿಗೆ ತಂಬಾಕು ಬೆರೆಸಬಾರದೆಂದು ಕೇಂದ್ರ ಸರಕಾರ 1992ರಲ್ಲೇ ತಡೆ ಹಾಕಿದೆ. ಎಂದರೆ ಒಸಡಿಗೆ ತಂಬಾಕು ತಾಗಿದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅದೇ ತಂಬಾಕನ್ನು ಅದೇ ಒಸಡಿನ ಪಕ್ಕ ಒತ್ತರಿಸಿಕೊಳ್ಳಲು ಅಡ್ಡಿಯಿಲ್ಲ! ಕಾನೂನು ಖಜಾನೆಯನ್ನು ನೋಡುತ್ತದೆ, ಓಟನ್ನು ನೋಡುತ್ತದೆ. ನಮ್ಮ ಮೆದುಳಿಗೆ ಪರವಾನಗಿ ಪತ್ರ ಓದಲು ಬರುವುದಿಲ್ಲ.

ಮೊದಲು ಕಾಫಿಯನ್ನೇ ತೆಗೆದುಕೊಳ್ಳಿ. ಇದನ್ನು ಮುಟ್ಟಿದರೆ ಜಗಳಕ್ಕೆ ಬರುವವರು ಬಹಳ. ದೇಶದ ಕಾಫಿಯಲ್ಲಿ ಹೆಚ್ಚುಪಾಲು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನ ನಮ್ಮವೇ. ನಾನೂ ಕಾಫಿ ಕುಡಿಯುವವಳೇ. ಆರೋಗ್ಯವಂತರು ದಿನಕ್ಕೆ ಎರಡು ಲೋಟ ಕುಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಅದು ಮಾಡುವ ಕೆಲಸವೇನೆಂದು ತಿಳಿದು ಕುಡಿಯೋಣ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನಗೆಂದೇ ಇರುವ ಜಾಗಗಳಲ್ಲಿ ಹೋಗಿ ಕುಳಿತಾಗ 'ಸಾಕು, ಮಲಗು' ಎಂಬ ಸಂದೇಶ ನಮಗೆ ಮುಟ್ಟುತ್ತದೆ. ಕಾಫಿ, ಟೀಗಳಲ್ಲಿರುವ ಕೆಫೀನ್ ಆ ಜಾಗಗಳನ್ನು ತಾನೇ ಹೋಗಿ ಆಕ್ರಮಿಸಿಕೊಳ್ಳುತ್ತದೆ. ದಣಿವು ಎಲ್ಲೂ ಹೋಗಲಿಲ್ಲ. ದಣಿವಿನ ಸುದ್ದಿ ತಂದ ಅಂಚೆಯವನನ್ನು ಬಾಗಿಲಲ್ಲೇ ನಿಲ್ಲಿಸಿದಂತಾಯಿತು, ಅಷ್ಟೆ. ಕೆಫೀನ್ ಇಳಿದಾಗ ಅವನು ಒಳಗೆ ಬರುತ್ತಾನೆ, ತಡೆದಿಟ್ಟ ಕಾಗದಗಳನ್ನೆಲ್ಲ ಹೊತ್ತುಕೊಂಡು.

ಅದು ಬೇಗ ಇಳಿಯುವುದೂ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಗರ್ಭನಿರೋಧಕ ಗುಳಿಗೆ ನುಂಗುವ ಹೆಂಗಸಿನಲ್ಲಿ ಈ ಹೊತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತುಂಬಿದ ಬಸುರಿಯಲ್ಲಿ ಇನ್ನೂ ಹೆಚ್ಚು, 15 ಗಂಟೆಯವರೆಗೂ ಹೋಗಬಹುದು. ಹೊಟ್ಟೆಯೊಳಗಿನ ಕೂಸಿಗಂತೂ ಅದನ್ನು ಕರಗಿಸುವ ಶಕ್ತಿಯೇ ಇರುವುದಿಲ್ಲ. ಸಂಜೆ ಆರು ಗಂಟೆಯ ಕಾಫಿ ರಾತ್ರಿ ಹನ್ನೊಂದಕ್ಕೂ ಮೆದುಳಿನಲ್ಲಿ ದೀಪ ಉರಿಸುತ್ತಿರುತ್ತದೆ. ಇದರ ಜತೆಗೆ ಇನ್ನೊಂದು ಕೇಡು. ಊಟ ತಿಂಡಿಯ ಜತೆಯಲ್ಲೇ ಕಾಫಿ ಟೀ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ. ಇಬ್ಬರಲ್ಲಿ ಒಬ್ಬಳು ಎಂದಾಯಿತು. ರಕ್ತವಿಲ್ಲದ್ದರಿಂದ ದಣಿವು, ದಣಿವಿಗೆ ಕಾಫಿ, ತಿಂಡಿಯ ಜತೆಗಿನ ಕಾಫಿಯಿಂದ ರಕ್ತಕ್ಕೆ ಇನ್ನಷ್ಟು ಕೊರತೆ. ಗಾಣದ ಎತ್ತು ಸುತ್ತಿದಂತೆ ಸುತ್ತುತ್ತಿದ್ದೇವೆ.

ಇನ್ನು ಹೊಗೆಸೊಪ್ಪು. ಹಾಸನ ಸೀಮೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹದಿನೆಂಟು ಜನ. ಗಂಡಸರ ಪಂಕ್ತಿ ಎದ್ದು, ಮಕ್ಕಳದಾಗಿ, ಆಳುಕಾಳಿನದಾಗಿ, ದೊಡ್ಡಮ್ಮನ ಎಲೆಗೆ ಅನ್ನ ಬೀಳುವಾಗ ಮಧ್ಯಾಹ್ನ ಮೂರು ಗಂಟೆ. ಬೆಳಗಿನ ನಾಲ್ಕಕ್ಕೆ ಎದ್ದ ಹೆಂಗಸು ಅಷ್ಟು ಹೊತ್ತು ಹೇಗೆ ತಡೆಯುತ್ತಿದ್ದಳು? ಕೇಳಿದ್ದಕ್ಕೆ ನಗುತ್ತಾ, 'ದವಡೇಲಿ ಒಂದು ಚೂರು ಹೊಗೆಸೊಪ್ಪು ಇಟ್ಕೊಂಡ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಕಣೇ' ಎಂದಿದ್ದಳು. ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ ಎಂದರೆ ಹಸಿವು ಗೊತ್ತಾಗುವುದಿಲ್ಲ ಎಂದರ್ಥ. ಗದ್ದೆ ನಾಟಿಗೆ ಹೋಗುವ ಹೆಂಗಸರೂ ಇದೇ ಮಾತು ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ನಿಕೋಟಿನ್ ನಿಜವಾಗಿಯೂ ಹಸಿವನ್ನು ಅಡಗಿಸುತ್ತದೆ. ಮೆದುಳಿನಲ್ಲಿ ಡೋಪಮಿನ್ ಎಂಬ ವಸ್ತುವನ್ನು ಚಿಮ್ಮಿಸಿ ಒಂದು ಗಳಿಗೆ ಹಿತವನ್ನೂ ಕೊಡುತ್ತದೆ. ಆ ಹಿತದ ರುಚಿ ಕಂಡ ಮೆದುಳು ಮತ್ತೆ ಮತ್ತೆ ಬೇಡುತ್ತದೆ. ಕೊಡದಿದ್ದರೆ ಸಿಡುಕು, ಚಡಪಡಿಕೆ. ಅಷ್ಟರಲ್ಲಿ ಎದೆಬಡಿತ ಏರಿರುತ್ತದೆ, ರಕ್ತನಾಳ ಬಿಗಿದಿರುತ್ತದೆ, ರಕ್ತದೊತ್ತಡ ಹೆಚ್ಚಿರುತ್ತದೆ.

ಎಲೆಗೆ ಸವರುವ ಸುಣ್ಣದ ಕೆಲಸವೂ ಹಲವರಿಗೆ ತಿಳಿದಿಲ್ಲ. ಅದು ಬರೀ ಕೆಂಪು ಬಣ್ಣಕ್ಕಲ್ಲ. ಸುಣ್ಣದ ಕ್ಷಾರ ಸೇರಿದಾಗ ನಿಕೋಟಿನ್ ಕೆನ್ನೆಯ ಒಳಪೊರೆಯ ಮೂಲಕ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಬೀಡಿಯ ಹೊಗೆಯಷ್ಟು ಬೇಗ ಏರುವುದಿಲ್ಲ, ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. 'ನಾವೇನು ಬೀಡಿ ಸೇದ್ತೀವಾ?' ಎನ್ನುವವರು ಇದನ್ನು ನೆನಪಿಡಬೇಕು. 2016–17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯಲ್ಲಿ ನೂರು ಹೆಂಗಸರಲ್ಲಿ ಬೀಡಿ ಸಿಗರೇಟು ಸೇದುವವರು ಸುಮಾರು ಇಬ್ಬರು. ಹೊಗೆಯಿಲ್ಲದ ತಂಬಾಕನ್ನು ಜಗಿಯುವವರು, ತಿಕ್ಕುವವರು, ಮೂಗಿಗೇರಿಸುವವರು ಸುಮಾರು ಹದಿಮೂರು ಮಂದಿ. ಹೆಣ್ಣಿನ ತಂಬಾಕು ಹೊಗೆಯಾಗಿ ಕಾಣುವುದಿಲ್ಲ, ಆದ್ದರಿಂದ ಯಾರೂ ಗದರುವುದಿಲ್ಲ.

ತಂಬಾಕಿಲ್ಲದ ಬರೀ ಎಲೆಯಡಿಕೆಯೂ ಪಾರಾಗುವುದಿಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಕೂಡ ಮೆದುಳನ್ನು ಚುರುಕುಗೊಳಿಸಿ ಚಟ ಹತ್ತಿಸುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮಲೆನಾಡಿನ ಅಡಿಕೆ ತೋಟದವರ ಅನ್ನದ ಪ್ರಶ್ನೆ ಇಲ್ಲಿದೆ ಎಂಬುದನ್ನು ಬಲ್ಲೆ. ಬೆಲೆ ಬಿದ್ದ ವರ್ಷ ಆ ಮನೆಗಳ ಹೆಂಗಸರ ಕಿವಿಯ ಓಲೆ ಅಡವಿಗೆ ಹೋಗುವುದನ್ನೂ ಬಲ್ಲೆ. ಅವರ ಬದುಕಿಗೆ ಬೇರೆ ದಾರಿ ಹುಡುಕುವುದು ಸರಕಾರದ ಹೊಣೆ. ಅದಕ್ಕಾಗಿ ತಿನ್ನುವವರ ಬಾಯಿಯ ಸತ್ಯವನ್ನು ಮುಚ್ಚಿಡಲಾಗದು. ಬಾಣಂತಿಗೆ ಊಟವಾದ ಮೇಲೆ ಎಲೆಯಡಿಕೆ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ತಂಬಾಕೂ ಸೇರಿದರೆ ನಿಕೋಟಿನ್ ಎದೆಹಾಲಿಗೆ ಇಳಿಯುತ್ತದೆ. ಬಸುರಿ ತಂಬಾಕು ತಿಂದರೆ ಮಗು ತೂಕವಿಲ್ಲದೆ, ದಿನ ತುಂಬದೆ ಹುಟ್ಟುವ ಅಪಾಯ ಹೆಚ್ಚು.

ದೊಡ್ಡಮ್ಮನಿಗೆ ಐವತ್ತೈದು ದಾಟಿದ ಮೇಲೆ ಹುಳಿ, ಖಾರ ಬಾಯಿಗಿಟ್ಟರೆ ಉರಿ. 'ಹೀಟ್ ಆಗಿದೆ' ಎಂದು ಮಜ್ಜಿಗೆ ಕುಡಿದಳು. ಆಮೇಲೆ ಮುದ್ದೆಯ ತುತ್ತು ಒಳಗೆ ಹೋಗದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಲು ಹೇಳಿದರು. ಒಂದೂವರೆ ಬೆರಳು ಹೋಯಿತು. ಕೆನ್ನೆಯ ಒಳಗೆಲ್ಲ ನಾರು ಕಟ್ಟಿಕೊಂಡಿತ್ತು. ಎಡಗಡೆ ಒಂದು ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತಿತ್ತು. ಹದಿನೆಂಟು ಜನರಿಗೆ ಉಣಬಡಿಸಿದ ಹೆಂಗಸು ಕೊನೆಯ ಎಂಟು ತಿಂಗಳು ಗಂಜಿಯನ್ನು ಚಮಚದಲ್ಲಿ ಕುಡಿದು ಹೋದಳು. ಹಸಿವಿನ ಬಾಯಿ ಮುಚ್ಚಿಸಿದ ಮದ್ದು ಕೊನೆಗೆ ಅವಳ ಬಾಯಿಯನ್ನೇ ಮುಚ್ಚಿಸಿತು.

ಮೂರನೆಯದು ಮಾತ್ರೆ. ದೂರದರ್ಶನದ ಜಾಹೀರಾತು ನೋಡಿರುತ್ತೀರಿ. ಮನೆಯಾಕೆ ಹಣೆ ಹಿಡಿದುಕೊಂಡು ಕೂತಿರುತ್ತಾಳೆ. ಮಾತ್ರೆ ನುಂಗುತ್ತಾಳೆ. ಮರುಕ್ಷಣ ನಗುನಗುತ್ತಾ ಎದ್ದು ಎಲ್ಲರಿಗೂ ಬಡಿಸುತ್ತಾಳೆ. ಗಂಡನೋ ಮಗನೋ ಎದ್ದು 'ನೀನು ಮಲಗು, ಇವತ್ತು ನಾವು ಬೇಯಿಸಿಕೊಳ್ಳುತ್ತೇವೆ' ಎನ್ನುವ ಜಾಹೀರಾತನ್ನು ನಾನಂತೂ ಕಂಡಿಲ್ಲ. ಹಾಗೆ ಹೇಳಿದರೆ ಮಾತ್ರೆ ಖರ್ಚಾಗಬೇಕಲ್ಲ!

ನಮ್ಮ ಬೀದಿಯಲ್ಲಿ ಒಬ್ಬ ಟೀಚರಮ್ಮ ಇದ್ದಾರೆ. ವರ್ಷಗಟ್ಟಲೆ ತಲೆನೋವು. ಕಿರಾಣಿ ಅಂಗಡಿಯಲ್ಲೇ ಮಾತ್ರೆ ಸಿಗುತ್ತಿತ್ತು. ಮೊದಲು ವಾರಕ್ಕೆ ಒಂದು, ಆಮೇಲೆ ದಿನಕ್ಕೆ ಎರಡು. ತಲೆನೋವು ಹೆಚ್ಚುತ್ತಲೇ ಹೋಯಿತು. ನೋವಿನ ಮಾತ್ರೆಯೇ ತಲೆನೋವು ತರುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ವೈದ್ಯಶಾಸ್ತ್ರ ಇದನ್ನು ಚೆನ್ನಾಗಿ ಬಲ್ಲದು. ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ ತಿಂಗಳಿಗೆ 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗುತ್ತಾ ಹೋದರೆ ಮೆದುಳು ಅದಕ್ಕೆ ಒಗ್ಗಿಹೋಗಿ, ಮಾತ್ರೆ ಇಳಿಯುತ್ತಿದ್ದಂತೆ ನೋವನ್ನು ತಾನೇ ಎಬ್ಬಿಸುತ್ತದೆ. ಹಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನನ್ನೂ ಬೆರೆಸಿರುತ್ತಾರೆ. ಕೆಫೀನ್ ನಿಂತ ಮರುದಿನ ತಲೆ ಸಿಡಿಯುವುದು ಅದರ ಗುಣ. ಆ ಸಿಡಿತಕ್ಕೆ ಮತ್ತೆ ಅದೇ ಮಾತ್ರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಸೊಂಟನೋವಿಗೆ, ಮುಟ್ಟಿನ ನೋವಿಗೆ ನುಂಗುವ ಬ್ರುಫೇನ್, ಡೈಕ್ಲೋಫಿನಾಕ್ ಜಾತಿಯ ಮಾತ್ರೆಗಳ ಕಥೆ ಇನ್ನೊಂದು ಬಗೆ. ನೋವು, ಊತ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ದೇಹದಲ್ಲಿ ತಯಾರಾಗದಂತೆ ಅವು ತಡೆಯುತ್ತವೆ. ಆದರೆ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವುದೂ ಅವೇ ವಸ್ತುಗಳು, ಮೂತ್ರಪಿಂಡಕ್ಕೆ ರಕ್ತ ಸಲೀಸಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅವೇ. ಕಳ್ಳನ ಜತೆ ಕಾವಲುಗಾರನನ್ನೂ ಕಟ್ಟಿಹಾಕಿದಂತೆ. ಬಹಳ ದಿನ ನುಂಗಿದರೆ ಜಠರದಲ್ಲಿ ಹುಣ್ಣಾಗಿ, ತಿಳಿಯದಂತೆ ರಕ್ತ ಸೋರುತ್ತದೆ. ಟೀಚರಮ್ಮನನ್ನು ಕೊನೆಗೆ ಮಗಳು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ 12 ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಗರ್ಭಕೋಶದಲ್ಲಿ ಗಡ್ಡೆ, ಮೂರು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ದೇಹ ಮೂರು ವರ್ಷ ಕೂಗಿತ್ತು. ಪ್ರತಿ ಸಲವೂ ಅದರ ಬಾಯಿಗೆ ಒಂದು ಮಾತ್ರೆ ತುರುಕಲಾಗಿತ್ತು.

ನಾಲ್ಕನೆಯದನ್ನು ಹೆಂಗಸರು ಪಿಸುಮಾತಿನಲ್ಲಿ ಹೇಳುತ್ತಾರೆ. 'ರಾತ್ರಿ ಒಂದು ಸಣ್ಣ ಗುಳಿಗೆ ತಗೋತೀನಿ, ಇಲ್ಲದಿದ್ರೆ ನಿದ್ದೆ ಬರಲ್ಲ.' ಅಲ್ಪ್ರಜೋಲಾಂ, ಡಯಾಜೆಪಾಂ ಮುಂತಾದ ಗುಳಿಗೆಗಳಿವು. ಮೆದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ಎಂಬ ವಸ್ತುವಿದೆ. ಅದರ ಕೈಯನ್ನು ಈ ಗುಳಿಗೆಗಳು ಬಲಪಡಿಸುತ್ತವೆ. ತೀವ್ರ ಸಂಕಟದ ಕೆಲವು ದಿನ, ಹೆಚ್ಚೆಂದರೆ ಎರಡರಿಂದ ನಾಲ್ಕು ವಾರ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಲು ಇವು ಇರುವುದು. ವೈದ್ಯರ ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರಿಂದ ಇದೆ. ನಿಯಮ ಪುಸ್ತಕದಲ್ಲಿದೆ; ಗುಳಿಗೆ ಹಳೆಯ ಚೀಟಿಗೂ ಸಿಗುತ್ತದೆ. ನನಗೆ ಬಲ್ಲ ಹಿರಿಯರೊಬ್ಬರು ಗಂಡ ತೀರಿಕೊಂಡಾಗ ಹತ್ತು ದಿನಕ್ಕೆಂದು ಬರೆದುಕೊಟ್ಟದ್ದನ್ನು ಆರು ವರ್ಷ ನುಂಗಿದರು. ಮರೆವು, ಮಂಪರು, ಓಲಾಡುವ ನಡಿಗೆ. 'ವಯಸ್ಸಾಯ್ತು' ಎಂದರು ಮನೆಯವರು. ಒಂದು ರಾತ್ರಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ಆರು ವರ್ಷದಲ್ಲಿ ಯಾರಾದರೂ ಅವರ ಪಕ್ಕದಲ್ಲಿ ಕೂತು 'ಅಮ್ಮಾ, ನಿಮಗೆ ಏನನ್ನಿಸುತ್ತೆ?' ಎಂದು ಕೇಳಿದ್ದರೇ? ಅವರು ಹಗಲಿಡೀ ಮಾತಿಗೆ ಜನವಿಲ್ಲದೆ ಕೂತಿರುತ್ತಿದ್ದರು. ಆ ಏಕಾಂತಕ್ಕೆ ಯಾವ ಅಂಗಡಿಯಲ್ಲಿ ಗುಳಿಗೆ ಇದೆ?

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ನಿದ್ದೆ ಗುಳಿಗೆಯನ್ನು ನಾಳೆಯಿಂದಲೇ ಎಸೆಯಬಾರದು. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಕೂಡ ಬರಬಹುದು. ವೈದ್ಯರನ್ನು ಕಂಡು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

'ಗಂಡಸರು ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾರೆ, ಅವರನ್ನು ಬಿಟ್ಟು ನಮ್ಮ ಒಂದು ಲೋಟ ಕಾಫಿಯ ಮೇಲೆ ನಿಮಗೇಕೆ ಕಣ್ಣು?' ಎಂದು ನೀವು ಕೇಳಬಹುದು. ಕಣ್ಣು ಕಾಫಿಯ ಲೋಟದ ಮೇಲಲ್ಲ, ಅದನ್ನು ಹಿಡಿದ ಕೈಯ ಮೇಲೆ. ಆ ಕೈಗೆ ಎಷ್ಟು ಗಂಟೆ ಬಿಡುವಿದೆ ಎಂದು ಕೇಳುತ್ತಿದ್ದೇನೆ. 'ಹಾಗಾದರೆ ನೋವು ತಿನ್ನುತ್ತಾ ಕೂರಬೇಕೇ? ಔಷಧಿಯೇ ಪಾಪವೇ?' ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಅಲ್ಲ. ಹೆಣ್ಣು ನೋವು ಸಹಿಸಿದಷ್ಟೂ ಶ್ರೇಷ್ಠಳು ಎಂಬ ಹಳೆಯ ಬೋಧನೆಯನ್ನು ನಾನು ಒಪ್ಪುವವಳಲ್ಲ. ಬೇಕಾದಾಗ, ಬೇಕಾದಷ್ಟು, ಕಾರಣ ತಿಳಿದು ತೆಗೆದುಕೊಂಡ ಔಷಧ ವರವೇ. ಆದರೆ ಮನೆಗೆ ಬೆಂಕಿ ಬಿದ್ದಾಗ ಕೂಗುವ ನಾಯಿಗೆ ನಿದ್ದೆ ಬರಿಸುವುದು ಬೆಂಕಿಗೆ ಪರಿಹಾರವಲ್ಲ.

ನಾವು ಬಾಯಿ ಮುಚ್ಚಿಕೊಂಡಿರುವುದರಿಂದ ಲಾಭವಾದವರು ಯಾರು ಎಂದು ಲೆಕ್ಕ ಹಾಕಿ. ಕಾರ್ಖಾನೆಗೆ ಲಾಭ, ಅಂಗಡಿಗೆ ಲಾಭ, ತೆರಿಗೆಯ ರೂಪದಲ್ಲಿ ಸರಕಾರಕ್ಕೆ ಲಾಭ. ಎಲ್ಲಕ್ಕಿಂತ ದೊಡ್ಡ ಲಾಭ ಮನೆಗೆ. ನಾಲ್ಕು ರೂಪಾಯಿಯ ಮಾತ್ರೆಯಲ್ಲಿ ಎದ್ದು ನಿಂತು ದುಡಿಯುವ ಹೆಂಗಸಿಗಿಂತ ಅಗ್ಗದ ಯಂತ್ರ ಯಾವುದಿದೆ? ಮಿಕ್ಸಿ ಕೆಟ್ಟರೆ ಅದೇ ದಿನ ರಿಪೇರಿಗೆ ಕೊಡುತ್ತಾರೆ. ಹೆಂಡತಿಯ ಸೊಂಟನೋವು 'ಬೇಸಿಗೆ ರಜೆ ಬರಲಿ, ನೋಡೋಣ' ಎಂದು ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಕಾಫಿ ಟೀ ಊಟದ ಜತೆ ಬೇಡ, ಒಂದು ಗಂಟೆ ಅಂತರವಿರಲಿ. ಬಸುರಿಯರು ಕಡಿಮೆ ಮಾಡಲಿ. ಈಗಲೇ ಕನ್ನಡಿಯ ಮುಂದೆ ನಿಂತು ನಿಮ್ಮ ಮೂರು ಬೆರಳು ಬಾಯಲ್ಲಿ ಹಿಡಿಯುತ್ತದೆಯೇ ನೋಡಿ, ಅತ್ತೆಯವರದನ್ನೂ ನೋಡಿ. ಬಿಳಿ ಮಚ್ಚೆಯೋ, ಎರಡು ಮೂರು ವಾರ ಮಾಯದ ಹುಣ್ಣೋ ಇದ್ದರೆ ದಂತವೈದ್ಯರ ಬಳಿ ಹೋಗಿ. ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನೋವಿನ ಮಾತ್ರೆ ನುಂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತಿಂಗಳಿಗೆ ಹತ್ತಾದರೆ ಕ್ಯಾಲೆಂಡರನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ರಕ್ತ ಪರೀಕ್ಷೆ ಮಾಡಿಸಿ. ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಇಡುವ ನಾವು ನಮ್ಮ ಹಿಮೋಗ್ಲೋಬಿನ್ ಎಷ್ಟು ಎಂದು ಯಾಕೆ ತಿಳಿಯಬಾರದು?

ಇದೆಲ್ಲಕ್ಕಿಂತ ಮೊದಲು, ಯಾವ ಖರ್ಚೂ ಇಲ್ಲದ ಒಂದು ಕೆಲಸವಿದೆ, ಹಾಗೆಯೇ ಎಲ್ಲಕ್ಕಿಂತ ಕಷ್ಟದ್ದೂ ಅದೇ. ದಣಿವಾದರೆ ದಣಿವಾಗಿದೆ ಎಂದು ಗಟ್ಟಿಯಾಗಿ ಹೇಳಿ. ಹಸಿವಾದರೆ ಎಲ್ಲರ ಜತೆ ಕೂತು ಉಣ್ಣಿ. ನೋವಾದರೆ ಮಲಗಿ. ಆ ಹೊತ್ತಿನ ಸಾರು ಯಾರಾದರೂ ಕುದಿಸಲಿ, ಉಪ್ಪು ಹೆಚ್ಚಾದರೂ ಆಗಲಿ.